ವಾರಕ್ಕೆ ಮೂರು ದಿನ

ಕಸದ ಬುಟ್ಟಿಯಿಂದ ಬಿಸ್ಕತ್ತಿನ ಡಬ್ಬಿಯನ್ನು ಎತ್ತಿದೆ. ಅದಕ್ಕೆ ಅಂಟಿದ್ದ ಟೀ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮುಚ್ಚಳದ ಅಂಚನ್ನು ಇನ್ನೊಮ್ಮೆ ಒರೆಸಿದೆ. ಒಣ ಬಟ್ಟೆಯಿಂದ ಉಜ್ಜಿ, ಕಪಾಟಿನ ಕೆಳಗಿನ ಹಲಗೆಯ ಮೇಲೆ, ಅದು ಯಾವಾಗಲೂ ಇರುವ ಜಾಗದಲ್ಲಿ ಇಟ್ಟೆ. ಅವತ್ತೇ ಹೊಸದಾಗಿ ಬಂದಿದ್ದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದನ್ನ ಎಸೆದಿದ್ದು ನಾನು," ಎಂದರು ಕೊನೆಗೆ.

"ನೋಡಿದೆ."

"ಮತ್ತೆ ಎತ್ತಿಟ್ರಲ್ಲ?"

ಹೊಸಬರ ಜೊತೆ ಮಾತಾಡುವಾಗ ನನ್ನ ಕತ್ತು ತಾನೇ ತಿರುಗಿಬಿಡುತ್ತದೆ. ಕಪಾಟಿಗೆ ಹೇಳಿದೆ. "ಇದು ಯಜಮಾನ್ರ ಡಬ್ಬಿ. ನೀವು ಅವರನ್ನ ಕೇಳಿಲ್ಲ."

"ಅವರಿಗೆ ಸಕ್ಕರೆ ಕಾಯಿಲೆ ಇದೆ."

"ಕಿವಿಯೂ ಇದೆ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಆ ಮಾತು ನನ್ನ ಬಾಯಿಂದ ಬಂತೋ ಕಪಾಟಿನಿಂದ ಬಂತೋ ಎನ್ನುವ ಹಾಗೆ ನಿಂತಿದ್ದೆ. ಅವರು ಬೈಯಲಿಲ್ಲ. ಡಬ್ಬಿಯನ್ನು ಎತ್ತಿಕೊಂಡು ಹಾಲಿಗೆ ಹೋದರು.

ಅದು ಮೂರು ಜನರ ಮನೆ. ಕೆಲವು ವಿಷಯ ಅವರಿಗೆ ನಮಗಿಂತ ನಿಧಾನವಾಗಿ ಅರ್ಥವಾಗುತ್ತದೆ, ಕೆಲವು ನಮಗಿಂತ ಬೇಗ. ಮೊದಲು ಇಂಥವರಿಗೆಂದೇ ಇರುವ ದೊಡ್ಡ ದೊಡ್ಡ ಹಾಸ್ಟೆಲುಗಳಲ್ಲಿ ಇದ್ದವರು. ಈಗ ಸ್ವಂತ ಬಾಗಿಲು, ಸ್ವಂತ ಬೀಗ, ಸಹಾಯಕ್ಕೆ ನಮ್ಮಂಥವರು. ಎಲ್ಲರಿಗೂ ಹಿರಿಯರು ಯಜಮಾನರು, ಐವತ್ತೆರಡು ವರ್ಷ. ಬೀಗದ ಕೈಯನ್ನು ಕುತ್ತಿಗೆಗೆ ಹಾಕಿಕೊಂಡೇ ಮಲಗುತ್ತಾರೆ. ಆಮೇಲೆ ರೇಡಿಯೋ ಅಕ್ಕ. ಬೆಳಿಗ್ಗೆ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ. ಮೂರನೆಯವನು ಟೋಪಿ ಅಣ್ಣ. ಅವನು ಮಾತಾಡುವುದಿಲ್ಲ, ಖುಷಿಯಾದರೆ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಳ್ಳುತ್ತಾನೆ.

ನಾನು ಬೆಳಿಗ್ಗೆ ಏಳರಿಂದ ನಾಲ್ಕರವರೆಗೆ. ನನ್ನ ಕೈಯಲ್ಲೂ ಒಂದು ಬೀಗದ ಕೈ ಇದೆ, ಆದರೆ ಬೆಲ್ ಮಾಡಿಯೇ ಒಳಗೆ ಹೋಗಬೇಕು. ಅವರಿಗಾಗಿ ಅಡುಗೆ ಮಾಡುವುದಲ್ಲ, ಅವರ ಜೊತೆ ಮಾಡುವುದು ನನ್ನ ಕೆಲಸ. ಟೋಪಿ ಅಣ್ಣ ಒಂದು ಆಲೂಗಡ್ಡೆ ಸಿಪ್ಪೆ ತೆಗೆಯುವಷ್ಟರಲ್ಲಿ ನಾನು ಹತ್ತು ತೆಗೆಯಬಲ್ಲೆ. ತೆಗೆಯಬಾರದು. ಅಷ್ಟನ್ನು ಕಲಿಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ನಾನು ಶಾಲೆ ಬಿಟ್ಟದ್ದು ಎಂಟನೆಯ ಕ್ಲಾಸಿನಲ್ಲಿ, ಕಲಿಯುವುದು ನಿಧಾನ.

ಬಂದವರು ವ್ಯಾಯಾಮದ ಮೇಷ್ಟ್ರು. ಇವರ ಊಟ ತಿಂಡಿ ಹದಕ್ಕೆ ತಂದು, ಮೈ ಬಗ್ಗಿಸಿ, ನಾಲ್ಕು ಹೆಜ್ಜೆ ನಡೆಸಿ ಎಂದು ಈ ಮನೆ ನಡೆಸುವ ಆಫೀಸಿನವರು ಕಳಿಸಿದ್ದರು. ಮೂರು ತಿಂಗಳ ಕೆಲಸ. ಅಷ್ಟರೊಳಗೆ ಯಜಮಾನರ ಸಕ್ಕರೆ ಇಳಿದರೆ ಸರಿ, ಇಳಿಯದಿದ್ದರೆ ಇನ್ನೂ ಮೂರು ತಿಂಗಳು.

ಹಾಲಿನಿಂದ ಅವರ ದನಿ ಕೇಳಿಸಿತು.

"ತಪ್ಪಾಯ್ತು ಯಜಮಾನ್ರೇ. ಕೇಳದೆ ನಿಮ್ಮ ಡಬ್ಬಿ ಎಸೆದೆ."

"ಆಯ್ತು, ಕೂತ್ಕೋ."

"ದಿನಕ್ಕೆ ಎಷ್ಟು ಬಿಸ್ಕತ್ತು ತಿಂತೀರಿ?"

"ಹತ್ತು."

"ಡಾಕ್ಟ್ರು ಒಂದು ಅಂದಿದಾರೆ."

"ಒಂಬತ್ತು."

"ಎರಡು."

"ಎಂಟು. ನೀನು ಹೊಸಬ ಅಂತ."

ಅರ್ಧ ಗಂಟೆ ಜಗ್ಗಾಡಿ ವ್ಯವಹಾರ ಮೂರಕ್ಕೆ ನಿಂತಿತು. ಮೂರನೆಯದರಲ್ಲಿ ಅರ್ಧ ಟೋಪಿ ಅಣ್ಣನಿಗೆ. ಟೋಪಿ ಹಿಂದಕ್ಕೆ ತಿರುಗಿತು.

ಹೋಗುವಾಗ ಮೇಷ್ಟ್ರು ಅಡುಗೆಮನೆಗೆ ಇಣುಕಿದರು. "ನಿಮ್ಮನ್ನ ಏನಂತ ಕರೀಲಿ?"

"ಪುಟ್ಟಿ ಅಂತಾರೆ."

"ಬರ್ತೀನಿ ಪುಟ್ಟಿ ಅವರೇ."

ರೇಡಿಯೋ ಅಕ್ಕ ಸೋಫಾದ ಮೇಲೆ ಬಿದ್ದು ನಕ್ಕಳು. "ಪುಟ್ಟಿ ಅವರಂತೆ. ಪುಟ್ಟಿ ಅವರು. ನಮ್ಮ ಪುಟ್ಟಿ, ಅವರು."

* * *

ಮೊದಲ ವಾರ ಮೇಷ್ಟ್ರು ಮೂವರನ್ನೂ ಹಾಲಿನಲ್ಲಿ ಸಾಲಾಗಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ ಮಾಡಿಸಿದರು. ಟೋಪಿ ಅಣ್ಣ ಮೇಲೆತ್ತಿದ ಕೈಯನ್ನು ಇಳಿಸಲೇ ಇಲ್ಲ. ರೇಡಿಯೋ ಅಕ್ಕ ಎರಡು ಸಲ ಕೈ ಎತ್ತಿ, ಆಮೇಲೆ ಕಿಟಕಿಗೆ ಹೋಗಿ ಅದೇ ಕೈಯಿಂದ ದಾರಿಯವರನ್ನು ಕರೆದಳು. ಯಜಮಾನರು ಕುರ್ಚಿ ಬಿಟ್ಟು ಏಳಲಿಲ್ಲ.

"ನಾನು ರಿಟೈರ್ಡು," ಎಂದರು.

"ಯಾವ ಕೆಲಸದಿಂದ?"

"ಎಲ್ಲಾದರಿಂದ."

ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ಅಡುಗೆಮನೆಗೆ ಬಂದರು. ವ್ಯಾಯಾಮ ಮಾಡಿದವರು ಅವರೊಬ್ಬರೇ. ನಾನು ಒಂದು ಲೋಟ ನೀರು ಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು ಕೇಳಿದರು. "ಪುಟ್ಟಿ ಅವರೇ, ನೀವು ದಿನವೆಲ್ಲಾ ಇವರ ಜೊತೆ ಇರ್ತೀರಿ. ಏನು ನೋಡಿದೀರಿ, ಹೇಳಿ."

ಶಾಲೆಯಲ್ಲಿ ಏನು ಓದಿದೆ ಎಂದು ಕೇಳುತ್ತಿದ್ದರು. ಮನೆಯಲ್ಲಿ ಏನು ತಂದೆ ಎಂದು ಕೇಳುತ್ತಾರೆ. ಏನು ನೋಡಿದೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

"ಎದುರುಮನೆ ಗೇಟು ತೆರೆದಿದ್ರೆ ಯಜಮಾನ್ರು ಊಟಕ್ಕೆ ಬರಲ್ಲ. ಯಾರಾದರೂ ಹಾಕೋವರೆಗೂ ಕಿಟಕೀಲೇ ಇರ್ತಾರೆ."

ಅವರು ನನ್ನನ್ನೇ ನೋಡಿದರು. ನಾನು ಬೀನ್ಸಿನ ನಾರು ತೆಗೆಯತೊಡಗಿದೆ. ಆ ಬೀನ್ಸಿಗೆ ನಾರು ಇರಲಿಲ್ಲ.

ಮುಂದಿನ ಸಲ ಬಂದವರೇ ಹೇಳಿದರು. "ಯಜಮಾನ್ರೇ, ಈ ಬೀದೀಲಿ ಗೇಟುಗಳನ್ನ ನೋಡ್ಕೊಳ್ಳೋರೇ ಇಲ್ಲ. ಬರೀ ತೆರೆದಿಟ್ಟಿದಾರೆ."

ಯಜಮಾನರು ಚಪ್ಪಲಿ ಹುಡುಕಿದರು.

ಮೊದಲ ದಿನ ನಾಲ್ಕು ಗೇಟು. ಐದನೆಯದಕ್ಕೆ ಏದುಸಿರು ಬಂದು ಕಟ್ಟೆಯ ಮೇಲೆ ಕುಳಿತರು. ಎರಡನೆಯ ವಾರಕ್ಕೆ ಬೀದಿಯ ಈ ಬದಿ, ನಾಲ್ಕನೆಯ ವಾರಕ್ಕೆ ಆ ಬದಿಯೂ ಆಯಿತು. ಹಿಂದೆ ರೇಡಿಯೋ ಅಕ್ಕ, "ನಿಮ್ಮ ಗೇಟು ತೆರೆದಿತ್ತು, ನಾವು ಹಾಕಿದೀವಿ, ಹುಷಾರಾಗಿರಿ," ಎಂದು ಮನೆ ಮನೆಗೆ ಸಾರುತ್ತ ಬರುತ್ತಿದ್ದಳು. ಟೋಪಿ ಅಣ್ಣ ಮೇಷ್ಟ್ರ ಬೆರಳು ಹಿಡಿದಿರುತ್ತಿದ್ದ. ಒಬ್ಬರು ಕಾರು ಹೊರಗೆ ತೆಗೆಯಲೆಂದು ಗೇಟು ತೆರೆದು ಸ್ಟೀರಿಂಗ್ ಹಿಡಿಯುವಷ್ಟರಲ್ಲಿ ಯಜಮಾನರು ಮುಚ್ಚಿ ಚಿಲಕ ಹಾಕಿದರು. ಅವರು ಇಳಿದು ತೆರೆದರು. ಇವರು ಮುಚ್ಚಿದರು. ಮೂರನೆಯ ಸಲ ಅವರು ಕಾರನ್ನೇ ಬಿಟ್ಟು ನಡೆದು ಹೋದರು.

"ಇವತ್ತು ಇನ್ನೊಬ್ಬರಿಗೂ ವ್ಯಾಯಾಮ ಮಾಡಿಸಿದ್ವಿ," ಎಂದು ಮೇಷ್ಟ್ರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದರು. ಅವರಿಗೆ ಒಂದು ಹಲ್ಲು ಸೊಟ್ಟ. ಅದನ್ನು ನಾನು ನೋಡಿದ್ದೆ, ಹೇಳಿರಲಿಲ್ಲ.

ಹೇಳದೆ ಇಟ್ಟುಕೊಂಡದ್ದು ಬಹಳ ಇತ್ತು. ಬೆಳಿಗ್ಗೆ ಆತುರದಲ್ಲಿ ಸ್ನಾನ ಮಾಡಿ ಬರುತ್ತಿದ್ದುದರಿಂದ ಕಿವಿಯ ಹಿಂದೆ ಸೋಪಿನ ಬಿಳಿ ಗೆರೆ ಉಳಿದಿರುತ್ತಿತ್ತು. ಕ್ಯಾರೆಟ್ಟನ್ನು ಬೆರಳಿನಷ್ಟು ದಪ್ಪ ಹೆಚ್ಚಿ, ತೆಳುವಾಗಿದೆ ಅಲ್ವಾ ಎಂದು ಕೇಳುತ್ತಿದ್ದರು. ಬರುವುದು ಸೋಮವಾರ, ಬುಧವಾರ, ಶುಕ್ರವಾರ. ಮಂಗಳವಾರ ಮತ್ತು ಗುರುವಾರ ನಾನು ನೋಡಿದ್ದನ್ನೆಲ್ಲ ಕೂಡಿಟ್ಟುಕೊಂಡು, ಮರುದಿನ ಅವರು ಕೇಳುವವರೆಗೆ ಕಾಯುತ್ತಿದ್ದೆ.

ಒಂದು ಶುಕ್ರವಾರ ತರಕಾರಿ ತರಲು ರೇಡಿಯೋ ಅಕ್ಕನ ಜೊತೆ ಹೊರಟಿದ್ದೆ. ಮೂಲೆಯ ಬೇಕರಿಯಲ್ಲಿ ಮೇಷ್ಟ್ರು ನಮಗೆ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲಿ ಕ್ರೀಮ್ ಬನ್, ಮೀಸೆಯ ಮೇಲೂ ಕ್ರೀಮ್. ನನ್ನನ್ನು ಕಂಡು ಬನ್ನನ್ನು ಬೆನ್ನ ಹಿಂದೆ ಅಡಗಿಸಿದರು. ಅಲ್ಲಿ ರೇಡಿಯೋ ಅಕ್ಕ ನಿಂತಿದ್ದಳು.

ನಾನು ಮೆಲ್ಲಗೆ ಹೇಳಿದೆ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ."

"ಬದನೆಕಾಯಿ ಅಲ್ಲ ಪುಟ್ಟಿ, ಬನ್ನು," ಎಂದು ತಿದ್ದಿದಳು ರೇಡಿಯೋ ಅಕ್ಕ.

ಅವರು ಕಿವಿಯವರೆಗೆ ಕೆಂಪಾದರು. "ಇದು ವಾರಕ್ಕೊಂದೇ. ನಿಜವಾಗ್ಲೂ."

"ನಾನೇನೂ ಕೇಳಿಲ್ಲ."

"ನೀವು ಕೇಳಲ್ಲ. ನೋಡ್ತೀರಿ. ಅದು ಕೇಳೋದಕ್ಕಿಂತ ಕಷ್ಟ."

ಸಂಜೆಯೊಳಗೆ ಸುದ್ದಿ ಯಜಮಾನರಿಗೆ ಮುಟ್ಟಿತು. ಸೋಮವಾರ ಮೇಷ್ಟ್ರು ಬಂದ ಕೂಡಲೇ ಅವರನ್ನು ಎದುರಿಗೆ ಕೂರಿಸಿಕೊಂಡು ಯಜಮಾನರು ಕೇಳಿದರು. "ದಿನಕ್ಕೆ ಎಷ್ಟು ಬನ್ನು ತಿಂತೀಯ?"

* * *

ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ನರ್ಸಮ್ಮ ಬಂದು, ಬರಿ ಹೊಟ್ಟೆಯಲ್ಲಿ ಯಜಮಾನರ ಬೆರಳಿಗೆ ಚುಚ್ಚಿ ನೋಡಿದರು. ಸಕ್ಕರೆ ಚೆನ್ನಾಗಿ ಇಳಿದಿತ್ತು.

"ಹೀಗೇ ಹೋದ್ರೆ ಮುಂದಿನ ತಿಂಗಳಿಗೆ ನನ್ನ ಕೆಲಸ ಮುಗೀತು," ಎಂದರು ಮೇಷ್ಟ್ರು. "ಆಮೇಲೆ ಬೇರೆ ಊರಿನ ಮನೆ. ಬಸ್ಸಲ್ಲಿ ಐದು ಗಂಟೆ. ಅಲ್ಲೇ ಇರಬೇಕಂತೆ." ಹೇಳುತ್ತ ಅವರು ಕಿಟಕಿಯ ಕಡೆ ನೋಡಿದರು. ನಾನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಅವರು ಹೋದ ಮೇಲೆ ರೇಡಿಯೋ ಅಕ್ಕ ಪಕ್ಕಕ್ಕೆ ಬಂದು ನಿಂತಳು. "ಪುಟ್ಟಿ, ನಿನ್ನ ಮುಖದ ಮೇಲೆ ನೀರಿದೆ."

"ನಲ್ಲಿ ಸಿಡೀತು ಅಕ್ಕ."

"ನಲ್ಲಿ ನಿಂತಿದೆಯಲ್ಲ."

ಆ ಮನೆಯಲ್ಲಿ ಗೋಡೆಗೆ ಬೇಕಾದರೆ ಗುಟ್ಟು ಹೇಳಬಹುದು, ರೇಡಿಯೋ ಅಕ್ಕನಿಗೆ ಹೇಳಬಾರದು. ಗೊತ್ತಿದ್ದೂ ಹೇಳಿದೆ. ಯಾರಿಗಾದರೂ ಒಬ್ಬರಿಗೆ ಹೇಳಬೇಕಿತ್ತು. "ಯಜಮಾನ್ರ ಸಕ್ಕರೆ ಇಳಿದ್ರೆ ಮೇಷ್ಟ್ರು ಹೋಗ್ತಾರೆ, ಅಕ್ಕ. ಇಳೀದೇ ಇದ್ರೆ ಇರ್ತಾರೆ."

ಅವಳು ತಲೆಯಾಡಿಸಿ ಹೊರಟು ಹೋದಳು.

ಹದಿನೈದು ದಿನಕ್ಕೆ ನರ್ಸಮ್ಮ ಮತ್ತೆ ಬಂದರು. ಸಕ್ಕರೆ ಏರಿತ್ತು. ಮುಂದಿನ ವಾರ ಇನ್ನೂ ಏರಿತ್ತು. "ಹೀಗಾದ್ರೆ ದಿನಾ ಇಂಜೆಕ್ಷನ್ ಶುರು ಮಾಡ್ಬೇಕಾಗುತ್ತೆ," ಎಂದು ಬರೆದುಕೊಂಡರು. ಸೂಜಿ ಎಂದರೆ ಮಂಚದ ಕೆಳಗೆ ಸೇರುವ ಯಜಮಾನರು ಅದನ್ನು ಕೇಳಿ ಬೆವತರು, ಆದರೆ ತುಟಿ ಬಿಚ್ಚಲಿಲ್ಲ. ಪಾದ ಸ್ವಲ್ಪ ಊದಿತ್ತು. ಗೇಟು ಸುತ್ತುವಾಗ ಎಂಟನೆಯದಕ್ಕೇ ಕುಳಿತುಬಿಟ್ಟರು.

ಮೇಷ್ಟ್ರು ಅಡುಗೆಮನೆಗೆ ಬಂದು ಬಾಗಿಲನ್ನು ಅರ್ಧ ಮುಚ್ಚಿದರು.

"ಪುಟ್ಟಿ, ನೀವೇನಾದ್ರೂ ಅವರಿಗೆ ಸಿಹಿ ಕೊಡ್ತಿದೀರಾ? ಪಾಪ ಅಂತ?"

'ಅವರೇ' ಬಿಟ್ಟುಹೋಗಿತ್ತು. ಅದಕ್ಕಾಗಿ ಎಷ್ಟೋ ದಿನ ಒಳಗೊಳಗೇ ಆಸೆಪಟ್ಟಿದ್ದೆ, ಅವರು ಬರೀ ಪುಟ್ಟಿ ಎನ್ನಲಿ ಎಂದು. ಹೀಗಲ್ಲ. ನಾನು ಸೌತೆಕಾಯಿ ಹೆಚ್ಚುತ್ತಲೇ ಇದ್ದೆ. ಅವರು ಸ್ವಲ್ಪ ಹೊತ್ತು ಕಾದು ಹೊರಗೆ ಹೋದರು.

ಊಟಕ್ಕೆ ಮೇಷ್ಟ್ರೂ ಸೇರಿ ಎಲ್ಲರೂ ಕುಳಿತಿದ್ದೆವು. ರೇಡಿಯೋ ಅಕ್ಕನಿಗೆ ಮೌನವೆಂದರೆ ಆಗುವುದಿಲ್ಲ.

"ಯಜಮಾನ್ರು ದಿನಾ ಬೆಳಿಗ್ಗೆ ಆರಕ್ಕೆ ಎದ್ದು, ಹಾಲಿಗೆ ಐದು ಚಮಚ ಸಕ್ಕರೆ ಹಾಕ್ಕೊಂಡು ಕುಡೀತಾರೆ," ಎಂದಳು. "ನಂಗೆ ಕೊಡಲ್ಲ. ಸಕ್ಕರೆ ಇಳಿದ್ರೆ ಮೇಷ್ಟ್ರು ಹೋಗ್ತಾರಂತೆ. ಮೇಷ್ಟ್ರು ಹೋದ್ರೆ ಪುಟ್ಟಿ ಅಳ್ತಾಳೆ. ಪುಟ್ಟಿ ಹೇಳಿದ್ದು ನಂಗೆ. ನಾನು ಯಜಮಾನ್ರಿಗೆ ಮಾತ್ರ ಹೇಳಿದ್ದು. ಮತ್ತೆ ಎದುರುಮನೆಯವರಿಗೆ."

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ತಲೆ ಎತ್ತಲಿಲ್ಲ. ತಟ್ಟೆಯಲ್ಲಿದ್ದ ಒಂದೊಂದು ಬಟಾಣಿಯೂ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಯಜಮಾನರು ಮೆಲ್ಲಗೆ ಹೇಳಿದರು. "ಈ ಮನೇಲಿ ಯಾರೂ ಅಳಬಾರದು. ಮನೆ ನಂದು."

* * *

ಆ ಮಧ್ಯಾಹ್ನ ನಾನೇ ಯಜಮಾನರನ್ನು ಕರೆದುಕೊಂಡು ಹೊರಟೆ, ಇಬ್ಬರೇ. ಮೂರನೆಯ ಗೇಟಿನ ಹತ್ತಿರ ಕಟ್ಟೆಯ ಮೇಲೆ ಕೂರಿಸಿದೆ.

"ಯಜಮಾನ್ರೇ, ಆ ಸಕ್ಕರೆ ಹಾಲು ಬೇಡ."

"ನೀನು ಅಳ್ತೀಯ."

"ಅಳ್ತೀನಿ. ಅತ್ತು ಮುಖ ತೊಳ್ಕೊಂಡು ಕೆಲಸಕ್ಕೆ ಬರ್ತೀನಿ. ನಿಮ್ಮ ಕಾಲು ಹೀಗೇ ಊದ್ತಾ ಹೋದ್ರೆ ಈ ಗೇಟೆಲ್ಲಾ ಯಾರು ಹಾಕ್ತಾರೆ?"

ಅವರು ತಮ್ಮ ಪಾದ ನೋಡಿಕೊಂಡರು. "ಎಷ್ಟು ದಿನ ಅಳ್ತೀಯ?"

"ಹತ್ತು."

"ಎರಡು."

"ಎಂಟು."

"ಮೂರು," ಎಂದು ಮುಗಿಸಿ ಎದ್ದರು. "ಮೂರನೇ ದಿನ ಅರ್ಧ."

ಹೇಳುವಾಗ ನಗುತ್ತಲೇ ಹೇಳಿದ್ದೆ. ಅವರು ಮುಂದಿನ ಗೇಟಿಗೆ ಹೋದಾಗ, ನಾನೀಗ ಮಾಡಿದ್ದೇನು ಎಂದು ಎದೆಗೆ ಗೊತ್ತಾಯಿತು. ಮೇಷ್ಟ್ರನ್ನು ನನ್ನ ಕೈಯಾರೆ ಬಸ್ಸು ಹತ್ತಿಸಿದ್ದೆ.

ವಾಪಸು ಬಂದಾಗ ಅಡುಗೆಮನೆಯಲ್ಲಿ ಮೇಷ್ಟ್ರು ಒಬ್ಬರೇ ಪಾತ್ರೆ ಒರೆಸುತ್ತಿದ್ದರು.

"ನಿಮ್ಮನ್ನ ಹಾಗೆ ಕೇಳಬಾರದಿತ್ತು," ಎಂದರು.

"ಕೇಳೋದು ತಪ್ಪಲ್ಲ. ಉತ್ತರ ಮೊದಲೇ ಇಟ್ಕೊಂಡು ಕೇಳಿದ್ರಿ."

ಅವರು ಒರೆಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟರು. "ನಂದೂ ಒಂದು ತಪ್ಪಿದೆ, ಹೇಳಿಬಿಡ್ತೀನಿ. ಈ ಮನೆಗೆ ವಾರಕ್ಕೆ ಎರಡು ದಿನ ಸಾಕು ಅಂದಿದ್ರು ಆಫೀಸಲ್ಲಿ. ಮೂರು ಬೇಕು ಅಂತ ಬರೆದುಕೊಟ್ಟಿದ್ದು ನಾನು."

"ಯಜಮಾನ್ರಿಗೋಸ್ಕರ."

"ಮೊದಲನೇ ವಾರ ನಾನೂ ಹಾಗೇ ಅಂದ್ಕೊಂಡಿದ್ದೆ."

ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ನಾನು ಒಲೆಯ ಕಡೆ ತಿರುಗಿದೆ. ಮುಖಕ್ಕೆ ಅದರ ಬಿಸಿಯೇ ತಾಗಿದ ಹಾಗಿತ್ತು. ಅವರು ಹತ್ತಿರ ಬರಲಿಲ್ಲ. ಇದ್ದಲ್ಲಿಂದಲೇ, ನಿಧಾನವಾಗಿ, ಟೋಪಿ ಅಣ್ಣನ ಜೊತೆ ಮಾತಾಡುವ ದನಿಯಲ್ಲಿ ಹೇಳಿದರು.

"ಈ ಮನೇಲಿ ಎಲ್ಲರಿಗೂ ಏನು ಬೇಕು ಅಂತ ನೀವು ಕೇಳ್ತೀರಿ. ನಿಮಗೆ ಇಂಥದ್ದು ಬೇಕು ಅಂತ ನೀವು ಹೇಳಿದ್ದು ಒಂದು ದಿನವೂ ಕೇಳಿಲ್ಲ. ನಾನು ಬಾಯಿ ಬಿಟ್ಟು ಕೇಳಬಹುದು. ಆದ್ರೆ ನಿಮಗೆ ಯಾರಿಗೂ ಇಲ್ಲ ಅಂದು ಅಭ್ಯಾಸ ಇಲ್ಲ. ನನಗೆ ಆ ಥರದ ಹೂಂ ಬೇಡ. ನಿಮಗೆ ಬೇಕಾದ್ದು ನೀವೇ ಹೇಳಿ. ಯಾವತ್ತಾದ್ರೂ ಸರಿ."

ಯಾವತ್ತಾದರೂ ಎನ್ನುವುದಕ್ಕೆ ಉಳಿದದ್ದು ಎರಡು ವಾರ.

ನಮ್ಮ ಮನೆಯಲ್ಲಿ ಅಮ್ಮ ದರ್ಜಿಯ ಅಂಗಡಿಯಿಂದ ತಂದ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ನಾನು ಸೂಜಿಗೆ ದಾರ ಪೋಣಿಸಿಕೊಡುವಾಗ ನನ್ನನ್ನೇ ನೋಡಿದಳು. "ಊಟ ಸೇರ್ತಿಲ್ಲ, ನಿದ್ದೆ ಇಲ್ಲ. ಹೇಳೋಕೆ ಏನು ಧಾಡಿ? ಬಾಯಿ ಬಿಟ್ರೆ ಮುತ್ತು ಉದುರುತ್ತಾ?"

"ಏನಿಲ್ಲಮ್ಮ."

"ಅಳದೇ ಇರೋ ಮಗೂಗೆ ಅಮ್ಮನೂ ಹಾಲು ಕೊಡಲ್ಲ ಕಣೇ. ಅಮ್ಮನಾಗಿ ನಾನೇ ಹೇಳ್ತಿದೀನಿ."

ಎರಡು ವಾರದಲ್ಲಿ ಆರು ದಿನ ಮೇಷ್ಟ್ರು ಬಂದರು. ಪ್ರತಿ ದಿನವೂ ಏನು ನೋಡಿದಿರಿ ಎಂದು ಕೇಳಿದರು. ಟೋಪಿ ಅಣ್ಣ ತಾನಾಗಿ ಸೇಬು ತೆಗೆದುಕೊಂಡ ಎಂದೆ. ರೇಡಿಯೋ ಅಕ್ಕ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಲಿಲ್ಲ ಎಂದೆ. ಎಲ್ಲರದೂ ಹೇಳಿದೆ. ನನ್ನದೊಂದು ಉಳಿಯುತ್ತಿತ್ತು. ಅವರು ಒಂದು ಕ್ಷಣ ಹೆಚ್ಚು ನಿಲ್ಲುತ್ತಿದ್ದರು. ಆಮೇಲೆ, "ಸರಿ, ಬರ್ತೀನಿ," ಎನ್ನುತ್ತಿದ್ದರು.

ಕೊನೆಯ ಸಲ ನರ್ಸಮ್ಮ ಬಂದಾಗ ಯಜಮಾನರು ಕಣ್ಣು ಬಿಗಿಯಾಗಿ ಮುಚ್ಚಿ ಬೆರಳು ಕೊಟ್ಟರು. ಸಕ್ಕರೆ ಹಿಂದಿನ ಎಲ್ಲ ಸಲಕ್ಕಿಂತ ಕೆಳಗಿತ್ತು. "ಶಭಾಷ್," ಎಂದರು ನರ್ಸಮ್ಮ. ಯಜಮಾನರು ನನ್ನ ಕಡೆ ಮೂರು ಬೆರಳು ತೋರಿಸಿದರು. ಮೂರೇ ದಿನ ಎಂದು.

* * *

ಮೇಷ್ಟ್ರು ಹೊರಡುವ ದಿನ ಅವರನ್ನು ಬಸ್ಸಿನವರೆಗೆ ಬಿಡುವುದು ಎಂದು ಯಜಮಾನರೇ ತೀರ್ಮಾನಿಸಿದರು. ಬಸ್ ನಿಲ್ದಾಣಕ್ಕೆ ಒಂದೂವರೆ ಮೈಲಿ. ಗೇಟು ಹಾಕಲು ಹೊರಟ ಮೊದಲ ದಿನ ಅವರು ಐದನೆಯದಕ್ಕೇ ಕುಳಿತುಬಿಟ್ಟಿದ್ದರು. ಆ ಬೆಳಿಗ್ಗೆ ನಾವು ಐದು ಜನ ಸಾಲಾಗಿ ನಡೆದೆವು. ದಾರಿಯಲ್ಲಿ ಎರಡು ಕಡೆ ಕುಳಿತು ನೀರು ಕುಡಿದೆವು. ಮೇಷ್ಟ್ರು ನನ್ನ ಪಕ್ಕದಲ್ಲಿದ್ದರು. ಅವರ ಚೀಲದ ಪಟ್ಟಿ ನಡೆಯುವಾಗ ನನ್ನ ತೋಳಿಗೆ ಆಗಾಗ ತಾಗುತ್ತಿತ್ತು, ಅವರೂ ಸರಿಯಲಿಲ್ಲ, ನಾನೂ ಸರಿಯಲಿಲ್ಲ.

"ಊಟ ಸರಿಯಾಗಿ ಮಾಡಿ," ಎಂದರು.

"ನೀವೂ."

"ಅಲ್ಲಿ ಬೇಕರಿ ಇಲ್ವಂತೆ."

ನಕ್ಕೆ. ನಕ್ಕದ್ದು ಅರ್ಧಕ್ಕೇ ನಿಂತಿತು.

ಬಸ್ಸು ಮೊದಲೇ ಬಂದು ನಿಂತಿತ್ತು. ಯಜಮಾನರು ಮೇಷ್ಟ್ರ ಕೈ ಕುಲುಕಿದರು. ಟೋಪಿ ಅಣ್ಣ ತನ್ನ ಟೋಪಿ ತೆಗೆದು ಮೇಷ್ಟ್ರ ತಲೆಗೆ ಇಟ್ಟು, ಸ್ವಲ್ಪ ಯೋಚಿಸಿ, ವಾಪಸು ತೆಗೆದುಕೊಂಡ. ರೇಡಿಯೋ ಅಕ್ಕ ಬಸ್ಸಿನ ಒಳಗಿದ್ದವರಿಗೆಲ್ಲ ಇವರು ನಮ್ಮ ಮೇಷ್ಟ್ರು ಎಂದು ತಿಳಿಸಿದಳು. ಕೊನೆಗೆ ಅವರು ನನ್ನ ಎದುರಿಗೆ ಬಂದು ನಿಂತರು. ಏನೂ ಕೇಳಲಿಲ್ಲ. ಅವರ ಕಣ್ಣು ಮಾತ್ರ ನನ್ನ ಮುಖದ ಮೇಲೆ ಇತ್ತು, ಬೆಲ್ ಮಾಡಿ ಬಾಗಿಲು ತೆರೆಯಲೆಂದು ನಿಂತವರ ಹಾಗೆ.

"ಹತ್ತೋರು ಹತ್ತಿ," ಎಂದ ಡ್ರೈವರ್.

ಅವರು ತಿರುಗಿದರು. ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟರು. ಇನ್ನೊಂದು ಕಾಲು ನೆಲದ ಮೇಲಿತ್ತು. ಆ ಕಾಲನ್ನೇ ನೋಡುತ್ತಿದ್ದೆ. ಅದರ ಹಿಮ್ಮಡಿ ಸ್ವಲ್ಪ ಮೇಲೆದ್ದಿತು.

"ಈ ಬಸ್ಸು ಬಿಟ್ಟುಬಿಡಿ," ಎಂದೆ.

ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಕಿಟಕಿಯ ಪಕ್ಕ ಕುಳಿತವರು ತಿರುಗಿ ನೋಡಿದರು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಯಜಮಾನರು, ಟೋಪಿ ಅಣ್ಣ, ಯಾರೂ ಅಲುಗಲಿಲ್ಲ. ರೇಡಿಯೋ ಅಕ್ಕನೂ ಸುಮ್ಮನಿದ್ದಳು. ಎದ್ದಿದ್ದ ಹಿಮ್ಮಡಿ ನಿಧಾನವಾಗಿ ನೆಲಕ್ಕೆ ಇಳಿಯಿತು.

ನಾನು ಮೊದಲ ಸಲ ತಲೆ ಎತ್ತಿ, ಅವರ ಮುಖ ನೋಡಿ ಹೇಳಿದೆ. "ಮುಂದಿನ ಬಸ್ಸಿಗೆ ಹೋಗಿ. ಅಲ್ಲೀವರೆಗೂ ನನ್ನ ಜೊತೆ ಕೂತ್ಕೊಳ್ಳಿ."